ನವೆಗೂ ಲಿವರ್‌ಗೂ ಏನು ಸಂಬಂಧ?

ಪ್ರಶ್ನೆ: ನಮ್ಮ ಅಕ್ಕನಿಗೆ 48 ವರ್ಷ. ಒಂದು ವರ್ಷದಿಂದ ಮೈಯೆಲ್ಲಾ ನವೆ, ಅಂಗೈ ಅಂಗಾಲಿನಲ್ಲಿ ಇನ್ನೂ ಜಾಸ್ತಿ. ಗುಳ್ಳೆ ಗಿಳ್ಳೆ ಏನೂ ಇಲ್ಲ. ನಮ್ಮ ಬಿಸಿಲಿಗೆ ಹೀಗಾಗಿದೆ ಅಂತ ಸುಮ್ಮನಿದ್ದೆವು. ಈಗ ರಕ್ತದಲ್ಲಿ ಆಲ್ಕಲೈನ್ ಫಾಸ್ಫಟೇಸ್ (ಲಿವರ್ ಟೆಸ್ಟ್‌ನಲ್ಲಿ ನೋಡುವ ಒಂದು ಅಂಶ) ಜಾಸ್ತಿ ಬಂದಿದೆ, ಸ್ಕ್ಯಾನಿಂಗ್‌ನಲ್ಲಿ ಪಿತ್ತಕೋಶದಲ್ಲಿ ಕಲ್ಲಿಲ್ಲ. ಡಾಕ್ಟರು ಪಿಬಿಸಿ ಅನ್ನುವ ಲಿವರ್ ಕಾಯಿಲೆ ಇರಬಹುದು, ಎಎಂಎ ಅನ್ನುವ ರಕ್ತಪರೀಕ್ಷೆ ಮಾಡಿಸಿ ಅಂದರು. ಮಗ ಮೊಬೈಲಿನಲ್ಲಿ ಓದಿ, ‘ಅದು ಬಿಳಿಯರ ಕಾಯಿಲೆ, ನಮಗೆಲ್ಲಿ ಬರುತ್ತೆ’ ಅಂತಾನೆ. ಪರೀಕ್ಷೆ ದುಡ್ಡು ದಂಡ ಅಲ್ವಾ?
– ಓದುಗರು, ಗಂಗಾವತಿ

ಉತ್ತರ: ದಂಡ ಅಲ್ಲ, ಮಾಡಿಸಿ. ನಿಮ್ಮ ಮಗ ಓದಿದ್ದು ಪೂರ್ತಿ ಸುಳ್ಳೇನಲ್ಲ. ಪಿಬಿಸಿ, ಅಂದರೆ ಪ್ರೈಮರಿ ಬಿಲಿಯರಿ ಕೋಲಂಜೈಟಿಸ್, ಉತ್ತರ ಯೂರೋಪು ಮತ್ತು ಉತ್ತರ ಅಮೆರಿಕದಲ್ಲಿ ಜಾಸ್ತಿ ಕಾಣುವ ಕಾಯಿಲೆ. ನಮ್ಮ ದೇಹದ ರಕ್ಷಣಾ ವ್ಯವಸ್ಥೆಯೇ ತಪ್ಪಿ ಲಿವರ್ ಒಳಗಿನ ಸಣ್ಣ ಸಣ್ಣ ಪಿತ್ತನಾಳಗಳ ಮೇಲೆ ಬೀಳುತ್ತದೆ, ನಾಳಗಳು ಹಾಳಾಗಿ ಪಿತ್ತ ಅಲ್ಲೇ ನಿಲ್ಲುತ್ತದೆ, ನವೆ ಬರುವುದು ಅದರಿಂದ. ಇದಕ್ಕೆ ಕೆಲವು ಜೀನ್‌ಗಳ ಪಾಲಿದೆ, ಸುತ್ತಲಿನ ಪರಿಸರದ್ದೂ ಇದೆ. ಹಾಗಾಗಿ ಒಂದು ಜನಾಂಗದಲ್ಲಿ ಹೆಚ್ಚು, ಇನ್ನೊಂದರಲ್ಲಿ ಕಡಿಮೆ ಇರುವುದು ಸಹಜ.

ಆದರೆ ‘ಬಿಳಿಯರ ಕಾಯಿಲೆ’ ಅನ್ನುವ ಮಾತಿದೆಯಲ್ಲ, ಅದು ನಿಲ್ಲುವುದಿಲ್ಲ. ಜಪಾನಿನಲ್ಲಿ ಇದೆ, ಚೀನಾದಲ್ಲಿ ಇದೆ. ಕೆನಡಾದ ಬ್ರಿಟಿಷ್ ಕೊಲಂಬಿಯಾದ ಮೂಲನಿವಾಸಿಗಳಲ್ಲಂತೂ ಅಲ್ಲಿನ ಉಳಿದವರಿಗಿಂತ ಹೆಚ್ಚು. ಇನ್ನೊಂದು ವಿಷಯ: ಅಮೆರಿಕದಲ್ಲಿ ಪಿಬಿಸಿ ರೋಗಿಗಳನ್ನು ಹೋಲಿಸಿ ನೋಡಿದಾಗ ಕಪ್ಪು ಜನರು ಮತ್ತು ಹಿಸ್ಪಾನಿಕ್ (ಸ್ಪ್ಯಾನಿಷ್ ಭಾಷಿಕ ಮೂಲದ) ಜನರಲ್ಲಿ ನವೆಯೂ ಜೋರು, ಲಿವರ್ ಹಾಳಾಗಿದ್ದೂ ಜಾಸ್ತಿ ಇತ್ತು. ನನ್ನ ಪ್ರಕಾರ ಇದರಲ್ಲಿ ‘ಇವರಿಗೆ ಬರಲ್ಲ’ ಅನ್ನುವ ನಂಬಿಕೆಯ ಪಾಲೂ ಇದೆ, ಬರಲ್ಲ ಅಂದುಕೊಂಡ ಮೇಲೆ ಹುಡುಕುವವರು ಯಾರು? ನಮ್ಮ ಕಡೆಯೂ ಅಷ್ಟೇ. ನವೆ ಅಂದರೆ ಬಿಸಿಲು, ಕಣ್ಣು ಹಳದಿಯಾದರೆ ಕಾಮಾಲೆ ಅಂತ ನಾಟಿ ಔಷಧಿ, ಅಷ್ಟರಲ್ಲಿ ವರ್ಷ ಕಳೆದಿರುತ್ತದೆ.

ಜನಾಂಗಕ್ಕಿಂತ ದೊಡ್ಡ ಸುಳಿವು ನಿಮ್ಮ ಪತ್ರದಲ್ಲೇ ಇದೆ. ಈ ಕಾಯಿಲೆ ಬರುವ 10 ಜನರಲ್ಲಿ ಸುಮಾರು 9 ಮಂದಿ ಹೆಂಗಸರು, ಹೆಚ್ಚಿನವರು 40ರಿಂದ 60ರ ಒಳಗಿನವರು. ಎಎಂಎ ರಕ್ತಪರೀಕ್ಷೆ 100ರಲ್ಲಿ 90ಕ್ಕೂ ಹೆಚ್ಚು ರೋಗಿಗಳಲ್ಲಿ ಪಾಸಿಟಿವ್ ಬರುತ್ತದೆ. ಬಂದರೆ ಉರ್ಸೋಡಿಆಕ್ಸಿಕೋಲಿಕ್ ಆಸಿಡ್ ಮಾತ್ರೆ ಶುರು ಮಾಡುತ್ತಾರೆ, ಕೆಜಿ ತೂಕಕ್ಕೆ ದಿನಕ್ಕೆ 13ರಿಂದ 15 ಮಿಲಿಗ್ರಾಂ ಲೆಕ್ಕದಲ್ಲಿ, ದೀರ್ಘಕಾಲ. ಬೇಗ ಶುರುವಾದಷ್ಟೂ ಲಿವರ್‌ಗೆ ಒಳ್ಳೆಯದು. ಆದರೆ ಈ ಮಾತ್ರೆಯಿಂದ ನವೆ ಇಳಿಯುತ್ತೆ ಅಂತ ಕಾಯಬೇಡಿ, ಅದಕ್ಕೆ ಬೇರೆ ಔಷಧಿ ಕೇಳಿ.

ಪ್ರಶ್ನೆ: ಮಗನಿಗೆ 26. ಅಲ್ಸರೇಟಿವ್ ಕೊಲೈಟಿಸ್ (ದೊಡ್ಡ ಕರುಳಿನ ಉರಿಯೂತ) ಇದೆ. ಅದಕ್ಕೆ ಲಿವರ್ ಟೆಸ್ಟ್ ಯಾಕೆ?
– ಓದುಗರು, ಸಿಂಧನೂರು

ಉತ್ತರ: ಪಿಎಸ್‌ಸಿ (ಪ್ರೈಮರಿ ಸ್ಕ್ಲೀರೋಸಿಂಗ್ ಕೋಲಂಜೈಟಿಸ್) ಅಂತ ಇನ್ನೊಂದು ಪಿತ್ತನಾಳದ ಕಾಯಿಲೆ ಇದೆ, ಇದು ಗಂಡಸರಲ್ಲೇ ಜಾಸ್ತಿ. ಉತ್ತರ ಯೂರೋಪಿನಲ್ಲಿ ಪಿಎಸ್‌ಸಿ ಇರುವ ಬಹುಪಾಲು ಜನರಿಗೆ ಕರುಳಿನ ಉರಿಯೂತವೂ ಇರುತ್ತದೆ, ಏಷ್ಯಾದಲ್ಲಿ ಈ ಜೋಡಿ ಕಡಿಮೆ. ಕಡಿಮೆ ಅಂದರೆ ಇಲ್ಲ ಅಂತಲ್ಲ, ಅದಕ್ಕೇ ಲಿವರ್ ಟೆಸ್ಟ್. ಆಲ್ಕಲೈನ್ ಫಾಸ್ಫಟೇಸ್ ಏರಿದ್ದರೆ ಪಿತ್ತನಾಳಗಳನ್ನು ತೋರಿಸುವ ಎಂಆರ್‌ಸಿಪಿ ಸ್ಕ್ಯಾನ್ ಹೇಳಬಹುದು, ಸರಿ ಇದ್ದರೆ ಡಾಕ್ಟರು ಹೇಳಿದಷ್ಟು ದಿನಕ್ಕೊಮ್ಮೆ ರಕ್ತ ಪರೀಕ್ಷೆ ಸಾಕು.