ಕೆಂಪು ಬಾದಾಮಿ ಎಲೆ ಬಣ್ಣಗೆಡದಿರಲು

ಪ್ರಶ್ನೆ: ಚಳಿಗಾಲದಲ್ಲಿ ಬಾದಾಮಿ ಮರದಡಿ ಬೀಳುವ ಕೆಂಪೆಲೆಗಳನ್ನು ಹೂದಾನಿಯಲ್ಲಿಟ್ಟರೆ ವಾರದೊಳಗೆ ಸುರುಟಿ ಕಂದುತ್ತವೆ. ಬಣ್ಣ ಉಳಿಸುವುದು ಹೇಗೆ?

ಉತ್ತರ: ಎಲೆಯ ಎರಡು ಬದಿ ಒಂದೇ ಸಮ ಒಣಗುವುದಿಲ್ಲ, ಅದಕ್ಕೇ ಸುರುಟುವುದು. ಬಿದ್ದ ದಿನವೇ, ಮೆತ್ತಗಿರುವ ಎಲೆಯನ್ನೇ ಆರಿಸಿ. ಒದ್ದೆ ಬಟ್ಟೆಯಲ್ಲಿ ಒರೆಸಿ, ನೀರಾರಿದ ಮೇಲೆ ಹಳೆಯ ಪತ್ರಿಕೆಗಳ ನಡುವೆ ಹರಡಿ ಭಾರ ಹೇರಿ. ಮೊದಲ 4 ದಿನ ಪತ್ರಿಕೆ ಬದಲಾಯಿಸಲೇಬೇಕು. ಬಾದಾಮಿ ಎಲೆ ದಪ್ಪ, ತೇವ ಉಳಿದರೆ ಬೂಷ್ಟು ಹಿಡಿಯುತ್ತದೆ. ಎರಡು ವಾರ ಬಿಡಿ.

ಆಮೇಲೆ ಮೇಣ. ಬಿಳಿ ಮೇಣದಬತ್ತಿಯ ಚೂರುಗಳನ್ನು ಕುದಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟು ಕರಗಿಸಿ. ನೇರ ಉರಿಯ ಮೇಲೆ ಬೇಡ, ಬೆಂಕಿ ಹತ್ತೀತು. ತೊಟ್ಟು ಹಿಡಿದು 2 ಸೆಕೆಂಡು ಅದ್ದಿ, ಹನಿ ಇಳಿಸಿ, ತೂಗುಹಾಕಿ. ಮೇಣ ಬಿಳಿಚಿ ದಪ್ಪಗೆ ಕೂತರೆ ಅದು ತಣಿದಿದೆ ಎಂದರ್ಥ, ಮತ್ತೆ ಬಿಸಿಮಾಡಿ.

1 ಪಾಲು ಗ್ಲಿಸರಿನ್, 2 ಪಾಲು ನೀರಿನಲ್ಲಿ ನಾಲ್ಕೈದು ದಿನ ಮುಳುಗಿಸಿಟ್ಟರೆ ಎಲೆ ಮೃದುವಾಗಿ ಉಳಿಯುತ್ತದೆ, ಆದರೆ ಕೆಂಪು ಮಂಕಾಗುತ್ತದೆ. ಬಣ್ಣವೇ ಮುಖ್ಯವಾದರೆ ಮೇಣವೇ ಸರಿ. ಬಿಸಿಲು ಬೀಳುವ ಕಿಟಕಿಯ ಬಳಿ ಮಾತ್ರ ಇಡಬೇಡಿ.