ಗೈರೋ ಐತಿ, ಫಿಲ್ಟರ್ ಐತಿ, ಆದ್ರೂ ಯಾಕ ಸಾಲಂಗಿಲ್ಲ?

ಪ್ರಶ್ನೆ: ಸರ್, ನಾವು ಕೊಪ್ಪಳದ ಇಂಜಿನಿಯರಿಂಗ್ ಹುಡುಗ್ರು, ಕ್ಯೂಬ್‌ಸ್ಯಾಟ್ ಅಂದ್ರ ಸಣ್ಣ ಡಬ್ಬಿಯಂಥ ಸ್ಯಾಟಲೈಟಿನ ಪ್ರಾಜೆಕ್ಟ್ ಮಾಡಾಕತ್ತೀವಿ. ತಿರುಗೋ ವೇಗ ಅಳೆಯೋ ಗೈರೋ ಜೊತಿಗೆ ಸೂರ್ಯ ಯಾಕಡೆ ಅಂತ ಹೇಳೋ ಒಂದು ಸನ್ ಸೆನ್ಸರ್ ಐತಿ. ಅಂದಾಜು ಅಳತಿ ಎರಡೂ ಕೂಡಿಸಿ ಲೆಕ್ಕ ಹಾಕೋ ಕಾಲ್ಮನ್ ಫಿಲ್ಟರ್ ಹಾಕಿದ್ರ ಸ್ಯಾಟಲೈಟ್ ಯಾಕಡೆ ಮುಖ ಮಾಡೈತಿ ಅಂತ ಪೂರ್ತಿ ಗೊತ್ತಾಗ್ತೈತಲ್ರಿ?

ಇಲ್ಲಪ್ಪ, ಗೊತ್ತಾಗಂಗಿಲ್ಲ. ಇದ ಪ್ರಶ್ನಿ ತಿಂಗಳಾ ತಿಂಗಳಾ ಬರ್ತೈತಿ, ಬಂದಾಗೆಲ್ಲಾ ಸಿಟ್ಟು ಬರ್ತೈತಿ, ಯಾಕಂದ್ರ ಹುಡುಗ್ರು ಕೋಡ್ ಡೌನ್‌ಲೋಡ್ ಮಾಡ್ಕೋತಾರ, ಸೆನ್ಸರ್ ಏನ್ ನೋಡ್ತೈತಿ ಅಂತ ಯಾರೂ ಕೇಳಂಗಿಲ್ಲ.

ಒಂದು ಛತ್ರಿ ತಗೊಂಡು ಮಾಳಿಗಿ ಮ್ಯಾಲ ಹೋಗ್ರಿ. ಅದರ ಒಂದು ಕಡ್ಡಿಗೆ ಕೆಂಪು ದಾರ ಕಟ್ರಿ, ತುದಿ ಸೂರ್ಯನ ಕಡೆ ಹಿಡೀರಿ, ಹಿಡಿಕಿ ಗರಗರ ತಿರುವ್ರಿ. ತುದಿ ಸೂರ್ಯನ್ನ ಬಿಟ್ಟು ಕದಲಂಗಿಲ್ಲ, ಆದ್ರ ಕೆಂಪು ದಾರ ಒಮ್ಮೆ ಗವಿಮಠದ ಗುಡ್ಡದ ಕಡೆ ಹೋಗ್ತೈತಿ, ಒಮ್ಮೆ ಸ್ಟೇಷನ್ ಕಡೆ. ನಿಮ್ಮ ಸನ್ ಸೆನ್ಸರ್‌ಗೆ ಕಾಣೋದು ತುದಿ ಅಷ್ಟ, ದಾರ ಕಾಣಂಗಿಲ್ಲ. ಮೂರು ಕೋನ ಬೇಕು, ಸಿಗೋದು ಎರಡು.

ಅದಕ್ಕ ಎರಡನೇ ದಿಕ್ಕು ಬೇಕ ಬೇಕು, ಭೂಮಿಯ ಕಾಂತಕ್ಷೇತ್ರ ಅಳೆಯೋ ಮ್ಯಾಗ್ನೆಟೋಮೀಟರ್ ಆದ್ರೂ ಹಾಕ್ರಿ. ಎರಡು ದಿಕ್ಕಿನಿಂದ ಲೆಕ್ಕ ಹಾಕೋ ಟ್ರಯಾಡ್ ಪದ್ಧತಿ 1964ರದು, ಅದು ಮೊದಲನೇ ದಿಕ್ಕನ್ನ ಪೂರ್ತಿ ನಂಬ್ತೈತಿ, ಹಂಗಾಗಿ ಮೊದಲು ಸೂರ್ಯ ಕೊಡ್ರಿ, ಮ್ಯಾಗ್ನೆಟೋಮೀಟರ್ ಅಲ್ಲ. ಪ್ರತಿ ಅಳತಿಗೆ ಅದರ ಯೋಗ್ಯತಿ ನೋಡಿ ತೂಕ ಕೊಡ್ಬೇಕು ಅಂದ್ರ ಗ್ರೇಸ್ ವಾಬಾ 1965ರಾಗ ಇಟ್ಟ ಸಮಸ್ಯೆ ಓದ್ರಿ, ಕ್ವೆಸ್ಟ್ ಅನ್ನೋ ಪದ್ಧತಿ ಬಿಡಿಸೋದು ಅದನ್ನ. ಸೂರ್ಯನ ದಿಕ್ಕು ಭೂಮಿಯ ಕಾಂತಕ್ಷೇತ್ರ ಎರಡೂ ಒಂದ ಗೆರಿಗೆ ಬಂದ್ರ ಯಾವ ಪದ್ಧತಿನೂ ಕೈ ಕೊಡ್ತೈತಿ, ಅದನ್ನ ಮೊದಲ ಲೆಕ್ಕ ಹಾಕಿ ಇಟ್ಕೋರಿ.

ಗೈರೋ ಐತಲ್ಲ ಅಂತೀರಿ. 500 ಕಿಮೀ ಮ್ಯಾಲ ಒಂದು ಸುತ್ತಿಗೆ ಸುಮಾರು 95 ನಿಮಿಷ, ಅದ್ರಾಗ 35 ನಿಮಿಷದ ತನಕ ನೆರಳು, ಆಗ ಸನ್ ಸೆನ್ಸರ್‌ಗೆ ಏನೂ ಕಾಣಂಗಿಲ್ಲ, ನಿಮಗ ಗೈರೋ ಒಂದ ಗತಿ. ನಿಮ್ಮ ಗೈರೋ ಸೆಕೆಂಡಿಗೆ 0.01 ಡಿಗ್ರಿ ಸುಳ್ಳು ಹೇಳಿದ್ರ ನೆರಳಿನಿಂದ ಹೊರಗ ಬರೋದ್ರಾಗ 21 ಡಿಗ್ರಿ ತಪ್ಪು.

ಫಿಲ್ಟರ್ ಸರಿ ಮಾಡ್ತೈತಿ ಅನ್ನೋರು ಜಪಾನಿನ ಹಿಟೋಮಿ ಕಥಿ ಕೇಳ್ರಿ. ಎಕ್ಸ್-ರೇ ಟೆಲಿಸ್ಕೋಪ್ ಅದು, 2016ರ ಫೆಬ್ರವರಿ 17ಕ್ಕ ಹಾರಿ ಮಾರ್ಚ್ 26ಕ್ಕ ಹಾಳಾತು. ಫಿಲ್ಟರಿನ್ಯಾಗ ಗೈರೋದ ತಪ್ಪಿನ ಅಂದಾಜ ತಪ್ಪಾಗಿ ಕೂತಿತ್ತು, ನಕ್ಷತ್ರ ನೋಡಿ ದಿಕ್ಕು ಹೇಳೋ ಸ್ಟಾರ್ ಟ್ರ್ಯಾಕರ್ ಅಳತಿ ಹೊರಗುಳೀತು, ಸುಮ್ನ ನಿಂತ ಸ್ಯಾಟಲೈಟ್ ತಾಸಿಗೆ 21.7 ಡಿಗ್ರಿ ತಿರುಗಾಕತ್ತೈತಿ ಅಂತ ಲೆಕ್ಕ ಬಂತು, ಅದನ್ನ ನಿಲ್ಲಸಾಕ ಹೋಗಿ ಖರೇನ ತಿರುಗಿಸಿತು, ಮ್ಯಾಲ ಥ್ರಸ್ಟರ್ ಸೆಟ್ಟಿಂಗೂ ತಪ್ಪಿತ್ತು, ಸ್ಪೀಡ್ ಏರಿ ಸೋಲಾರ್ ಪ್ಯಾನೆಲ್ ಕಿತ್ತು ಹೋದ್ವು. ಅಂದಾಜಿಗೂ ಅಳತಿಗೂ ಎಷ್ಟು ಫರಕ್ ಐತಿ ಅಂತ ಪ್ರತಿ ಸಲ ಬರದಿಡ್ರಿ, ನಾನಂತೂ ಅದನ್ನ ನೋಡದ ಯಾವ ರಿಪೋರ್ಟಿಗೂ ಸಹಿ ಹಾಕಂಗಿಲ್ಲ.

ಪ್ರಶ್ನೆ: ಜಿಪಿಎಸ್ ಸಾಲಂಗಿಲ್ಲೇನ್ರಿ?

ಒಂದ ಆಂಟೆನಾ ಇದ್ರ ಎಲ್ಲಿದ್ದೀರಿ ಅಂತ ಹೇಳ್ತೈತಿ, ಮುಖ ಯಾಕಡೆ ಅಂತ ಹೇಳಂಗಿಲ್ಲ.

ಪ್ರಶ್ನೆ: ಕ್ವಾಟರ್ನಿಯನ್ ಅಂದ್ರ ನಾಲ್ಕನೇ ಆಯಾಮದ ರಹಸ್ಯ ಅಂತ ಒಂದು ವಿಡಿಯೋದಾಗ ಹೇಳ್ಯಾರ, ಅವರ ಕೋರ್ಸ್ ಸೇರ್ಲೇನ್ರಿ?

ರೊಕ್ಕ ಕಟ್ಟಬ್ಯಾಡ್ರಿ, ಅದು ತಿರುವಿನ ಲೆಕ್ಕ ಬರೆಯೋ ನಾಲ್ಕು ಸಂಖ್ಯೆ, ನಾಲ್ಕರದೂ ಚಿಹ್ನೆ ಬದಲಿಸಿದ್ರೂ ತಿರುವು ಅದ.

ಪ್ರಶ್ನೆ: ನಮ್ಮ ಮ್ಯಾಗ್ನೆಟೋಮೀಟರ್ ಲ್ಯಾಬಿನ್ಯಾಗ ಉತ್ತರಾನ ತಪ್ಪು ತೋರಸ್ತೈತಿ.

ಕಬ್ಬಿಣದ ಟೇಬಲ್ ಮ್ಯಾಲ ಇಟ್ಟಿರ್ತೀರಿ. ಕಟ್ಟಿಗಿ ಸ್ಟೂಲ್ ತಗೊಂಡು ಬಯಲಿಗೆ ಹೋಗಿ, ಕಿಸೆದಾಗಿನ ಫೋನ್ ದೂರ ಇಟ್ಟು ಮತ್ತ ನೋಡ್ರಿ.