ಪ್ರೊವಾನ್ಸ್‌ನಲ್ಲಿ ಯಾವ ಚಿಟ್ಟೆ ಹುಡುಕಲಿ?

ಪ್ರಶ್ನೆ: ಏಪ್ರಿಲ್ ಕೊನೆಗೆ ದಕ್ಷಿಣ ಫ್ರಾನ್ಸಿನ ಪ್ರೊವಾನ್ಸ್‌ಗೆ ಹೊರಟಿದ್ದೇವೆ. ಅಪರೂಪದ ಚಿಟ್ಟೆ ನೋಡುವಾಸೆ. ಅಪೊಲೊ ಸಿಗುತ್ತಾ?
– ಓದುಗರೊಬ್ಬರು, ಮೈಸೂರು

ಉತ್ತರ: ಅಪೊಲೊ ಆಸೆ ಈ ಸಲ ಬಿಟ್ಟುಬಿಡಿ. ಅದು ಎತ್ತರದ ಬೆಟ್ಟಗಳ ಚಿಟ್ಟೆ, ಹಾರುವುದು ಬೇಸಿಗೆಯಲ್ಲಿ. ನೀವು ಹೋಗುವ ಹೊತ್ತಿಗೆ ಸರಿಯಾದದ್ದು ಸದರ್ನ್ ಫೆಸ್ಟೂನ್. ತಿಳಿ ಹಳದಿ ರೆಕ್ಕೆ, ಅಂಚಿಗೆ ಕಪ್ಪು ಅಂಕುಡೊಂಕು ಗೆರೆ, ಹಿಂದಿನ ರೆಕ್ಕೆಯಲ್ಲಿ ಕೆಂಪು ಚುಕ್ಕೆ. ವರ್ಷಕ್ಕೆ ಒಂದೇ ಪೀಳಿಗೆ, ಅದೂ ವಸಂತದ ಕೆಲವೇ ವಾರ.

ಸುಮ್ನೆ ಚಿಟ್ಟೆ ಹಿಂದೆ ಓಡಬೇಡಿ, ಗಿಡ ಹುಡುಕಿ. ಇದರ ಮರಿಹುಳು ತಿನ್ನುವುದು ಅರಿಸ್ಟೊಲೋಕಿಯಾ ಜಾತಿಯ ಗಿಡಗಳನ್ನು ಮಾತ್ರ, ಅಂದರೆ ನಮ್ಮ ಈಶ್ವರಿ ಬಳ್ಳಿಯ ನೆಂಟರನ್ನು (ಕರ್ನಾಟಕದ ರಾಜ್ಯ ಚಿಟ್ಟೆ ಸದರ್ನ್ ಬರ್ಡ್‌ವಿಂಗ್ ಬೆಳೆಯುವುದೂ ಇದೇ ಬಳಗದ ಮೇಲೆ, ಗೊತ್ತಲ್ವಾ?). ಗಿಡದ ವಿಷ ಹುಳುವಿನ ಮೈಗೂ ಸೇರುವುದರಿಂದ ಹಕ್ಕಿಗಳು ಅದರ ತಂಟೆಗೆ ಬರುವುದು ಕಡಿಮೆ. ತೇವವಿರುವ ಹುಲ್ಲುಗಾವಲು, ಕಾಲುವೆ ಬದಿ, ಬೇಲಿ ಸಾಲು ನೋಡಿ. ದುಂಡಗಿನ ಎಲೆ, ತುತ್ತೂರಿಯಂಥ ಪುಟ್ಟ ಹೂವು ಕಂಡರೆ ಅಲ್ಲೇ ನಿಲ್ಲಿ. ಒಣ ಕಲ್ಲುನೆಲದಲ್ಲಿ ಇದರ ಅಣ್ಣತಮ್ಮನಂಥ ಸ್ಪ್ಯಾನಿಷ್ ಫೆಸ್ಟೂನ್ ಕೂಡ ಸಿಗಬಹುದು. ಮುಂದಿನ ರೆಕ್ಕೆಯಲ್ಲೂ ಕೆಂಪು ಎದ್ದು ಕಂಡರೆ ಅದೇ.

ಬಲೆ ಒಯ್ಯಬೇಡಿ. ಸದರ್ನ್ ಫೆಸ್ಟೂನ್, ಅಪೊಲೊ ಎರಡಕ್ಕೂ ಯುರೋಪಿನ ಒಕ್ಕೂಟದ ಕಾನೂನಿನ ರಕ್ಷಣೆ ಇದೆ. ಫೋಟೊಗೆ ಬೆಳಗಿನ ಎಳೆ ಬಿಸಿಲೇ ಒಳ್ಳೆಯದು, ಮೈ ಕಾಯಿಸಿಕೊಳ್ಳಲು ರೆಕ್ಕೆ ಬಿಚ್ಚಿ ಕೂತಿರುತ್ತವೆ. ಮಿಸ್ಟ್ರಾಲ್ ಗಾಳಿ ಜೋರಾಗಿ ಬೀಸುವ ದಿನ ಮಾತ್ರ ಹುಡುಕಾಟ ಬಿಟ್ಟು ಊರು ಸುತ್ತಿ.